ಸದ್ದಿಲ್ಲದ ಫ್ಯಾನು

ಶಿಂಷಾ ನದಿಯ ದಂಡೆಯ ಆಶ್ರಮದಲ್ಲಿ ಮುದ್ದಯ್ಯನವರು ಎಂಬ ಗುರುಗಳಿದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಎಡಗಿವಿ ಆಗಲೇ ಹೋಗಿತ್ತು. ಬಲಗಿವಿಯೂ ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಅದು ಹೋಗುವ ಮುನ್ನ ಅವರಿಗೆ ಒಂದೇ ಒಂದು ಮಾತು ಕೇಳಬೇಕಿತ್ತು.

ಆ ಮಾತು ಅವರ ಗುರು ದೊಡ್ಡಯ್ಯನವರದು. ನಲವತ್ತೈದು ವರ್ಷಗಳ ಹಿಂದೆ, ತೀರಿಕೊಳ್ಳುವ ನಾಲ್ಕು ದಿನ ಮುಂಚೆ, ದೊಡ್ಡಯ್ಯನವರು ಹೇಳಿದ ಪಾಠ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಪಾಠವೆಲ್ಲ ಸ್ಪಷ್ಟವಾಗಿತ್ತು. ಕಟ್ಟಕಡೆಯ ಮಾತು ಮಾತ್ರ ಏನೋ ಭರ್ರೆನ್ನುವ ಸದ್ದಿನಲ್ಲಿ ಮುಳುಗಿಹೋಗಿತ್ತು.

"ಅವರ ತುಟಿ ಅಲ್ಲಾಡಿದ್ದು ಕಂಡೆ," ಎನ್ನುತ್ತಿದ್ದರು ಮುದ್ದಯ್ಯನವರು. "ಆಶೀರ್ವಾದ ಅಂದ್ಕೊಂಡು ಕೈ ಮುಗಿದೆ."

ಭಕ್ತರು ಅದನ್ನು ಅಂತಿಮ ಉಪದೇಶವೆಂದೇ ತೀರ್ಮಾನಿಸಿದ್ದರು. ಕೆತ್ತಿಸುವುದಕ್ಕೆಂದು ನಯವಾದ ಕರಿಕಲ್ಲೊಂದನ್ನು ಆಗಲೇ ತರಿಸಿದ್ದರು. ಮಾತು ಸಿಗಲಿಲ್ಲ. ಕಲ್ಲಿನ ಮೇಲೆ ಈಗ ಸಂಡಿಗೆ ಒಣಗುತ್ತಿತ್ತು.

ಗುರುಗಳ ಶಿಷ್ಯನ ಹೆಸರು ಪಾಲಾಕ್ಷ. ಆಶ್ರಮಕ್ಕೆ ಬರುವ ಮೊದಲು ಮಳವಳ್ಳಿಯಲ್ಲಿ ಕಂಪ್ಯೂಟರ್ ಟೈಪಿಂಗ್ ಕಲಿಸುತ್ತಿದ್ದ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ, ಗದ್ದಲವನ್ನು ಸೋಸಿ ದನಿಯನ್ನು ಉಳಿಸಬಹುದು ಎಂದು ಅವನು ಹೇಳಿದ. ಆದರೆ ಯಾವುದು ಗದ್ದಲ, ಯಾವುದು ದನಿ ಎಂದು ಹೇಳಬಲ್ಲವರು ಆ ದನಿಯನ್ನು ಕೇಳಿದ್ದ ಗುರುಗಳೊಬ್ಬರೇ. ಸೋಸುತ್ತಿರುವಾಗಲೇ ಅವರು ಪಕ್ಕದಲ್ಲಿ ಕೂತು ಕೇಳಬೇಕಿತ್ತು. ಹೆಡ್‌ಫೋನ್ ಹಾಕಿದರೆ ಅವರ ಕಿವಿ ಕೇಳಿಸುವ ಯಂತ್ರ ಕುಂಯ್ ಎನ್ನುತ್ತಿತ್ತು; ಸ್ಪೀಕರಿನಲ್ಲೇ ಕೇಳಬೇಕಿತ್ತು.

ತೊಡಕು ಅಲ್ಲೇ ಇತ್ತು. ಸೋಸುವ ಕೆಲಸ ಶುರುವಾದೊಡನೆ ಕಂಪ್ಯೂಟರು ಕಾದು ಬಿಸಿಯಾಗುತ್ತಿತ್ತು. ಕಾದೊಡನೆ ಅದರೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗುತ್ತಿತ್ತು. ದೊಡ್ಡಯ್ಯನವರು ಎರಡನೆಯ ಸಲ ಮುಳುಗುತ್ತಿದ್ದರು.

ಪಾಲಾಕ್ಷ ಗುರುಗಳ ಮುಂದೆ ನಿಂತ.

"ಅಯ್ಯ, ಯಾವ ಫ್ಯಾನು ಸದ್ದು ಮಾಡಲ್ಲ?"

"ತಿರುಗದೇ ಇರೋದು."

ಪಾಲಾಕ್ಷ ಇದನ್ನು ಮೂರು ದಿನ ಧ್ಯಾನಿಸಿದ. ನಾಲ್ಕನೆಯ ದಿನ ಅರ್ಥವಾಯಿತು. ಹೋಗಿ ಫ್ಯಾನಿನ ವೈರು ಕಿತ್ತ.

ಕೋಣೆ ನಿಶ್ಶಬ್ದವಾಯಿತು. ನಾಲ್ಕು ನಿಮಿಷದಲ್ಲಿ ಕಂಪ್ಯೂಟರೂ ನಿಂತಿತು.

"ಅಯ್ಯ, ಅದು ಸಮಾಧಿಗೆ ಹೋಯ್ತು."

"ನೀನು ಸದ್ದಿನ ವಿಚಾರ ಕೇಳಿದೆ," ಎಂದರು ಗುರುಗಳು. "ತಂಪಿನ ವಿಚಾರ ಕೇಳಲಿಲ್ಲ."

ಪಾಲಾಕ್ಷ ಪೇಟೆಗೆ ಹೋಗಿ ಮೂರು ಪುಟ್ಟ ಫ್ಯಾನು ತಂದ. ಸದ್ದು ಬಹಳ ಕಡಿಮೆ ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಕಂಪ್ಯೂಟರಿನ ಪೆಟ್ಟಿಗೆಗೆ ಹಿಂದೆ, ಮುಂದೆ, ಮೇಲೆ ಒಂದೊಂದು ಕೂರಿಸಿ, ಕಿತ್ತಿದ್ದ ವೈರನ್ನೂ ಮತ್ತೆ ಸಿಕ್ಕಿಸಿ ಸ್ವಿಚ್ಚು ಹಾಕಿದ. ಈಗ ನಾಲ್ಕು ಗಿರಣಿಗಳಾದವು. ಶಾಖವೂ ಇಳಿಯಲಿಲ್ಲ.

ಗುರುಗಳು ಪೆಟ್ಟಿಗೆಯ ಸುತ್ತ ಅಂಗೈ ಹಿಡಿದು ನೋಡಿದರು. ಮೂರು ಫ್ಯಾನೂ ಒಳಗಡೆಗೇ ಗಾಳಿ ನೂಕುತ್ತಿದ್ದವು. ಹೀಗೇಕೆ ಎಂದು ಕೇಳಿದರು.

ಒಳಗೆ ದೊಡ್ಡಯ್ಯನವರ ಮಾತಿದೆ, ಗುರುಗಳಿಗೆ ಬೀಸುವಾಗ ಅವರ ಕಡೆಗೇ ಬೀಸಬೇಕು, ಬೆನ್ನು ಕೊಟ್ಟು ಬೀಸುವುದು ಅಪಚಾರ ಎಂದು ಪಾಲಾಕ್ಷ ವಿವರಿಸಿದ. ಹೇಳುವಾಗ ಅವನ ಕಣ್ಣು ತುಂಬಿತ್ತು.

"ಸರಿ. ಉಸಿರು ತಗೋ," ಎಂದರು ಗುರುಗಳು.

ತೆಗೆದುಕೊಂಡ.

"ಇನ್ನೂ ತಗೋ."

ತೆಗೆದುಕೊಂಡ.

"ಮತ್ತೆ."

ಪಾಲಾಕ್ಷನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಗುರುಗಳು ಎದ್ದುಹೋಗಿ ಮಜ್ಜಿಗೆ ಕುಡಿದು ಬಂದರು. ಅಷ್ಟರಲ್ಲಿ ಅವನು ಭುಸ್ಸೆಂದು ಉಸಿರು ಬಿಟ್ಟು ಕಂಬಕ್ಕೆ ಒರಗಿದ್ದ.

"ಬಿಟ್ಟದ್ದು ನನಗೆ ಅಪಚಾರ ಆಯ್ತಾ?" ಎಂದು ಕೇಳಿದರು.

ಹಿಂದಿನ ಫ್ಯಾನನ್ನು ಪಾಲಾಕ್ಷ ತಿರುಗಿಸಿ ಕೂರಿಸಿದ. ಮೇಲಿನದನ್ನು ತೆಗೆದೇ ಬಿಟ್ಟ. ಗಾಳಿ ಮುಂದಿನಿಂದ ಬಂದು ಹಿಂದಿನಿಂದ ಹೋಗತೊಡಗಿತು. ಶಾಖ ಸ್ವಲ್ಪ ಇಳಿಯಿತು. ಕೂಗು ಇಳಿಯಲಿಲ್ಲ.

ಗುರುಗಳು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿಸಿದರು. ಒಳಗೆ, ಬಿಸಿಯಾಗುವ ಕಂಪ್ಯೂಟರ್ ಚಿಪ್ಪಿನ ಮೇಲೆ, ಶಾಖ ಹೀರುವ ಲೋಹದ ಹಲ್ಲುಗಳಿದ್ದವು. ಅವುಗಳ ನಡುವೆ ಗಾಳಿ ನುಸುಳಬೇಕಾದ ಸಂದುಗಳೆಲ್ಲ ಬೂದುಬಣ್ಣದ ಹಿಟ್ಟಿನಿಂದ ಮುಚ್ಚಿಹೋಗಿದ್ದವು.

"ಇದಕ್ಕೆ ದಿನಾ ಏನು ಮಾಡ್ತೀಯ?"

"ಪೂಜೆ, ಅಯ್ಯ."

"ಹೇಗೆ?"

ಎರಡು ಹೊತ್ತು ಊದುಬತ್ತಿ, ಸೋಮವಾರ ಲೋಬಾನ, ಪೆಟ್ಟಿಗೆಯ ನೆತ್ತಿಗೆ ವಿಭೂತಿ ಎಂದು ಪಾಲಾಕ್ಷ ಲೆಕ್ಕ ಒಪ್ಪಿಸಿದ. ಒಂದು ದಿನವೂ ತಪ್ಪಿಸಿಲ್ಲ ಎಂದೂ ಸೇರಿಸಿದ.

ಗುರುಗಳು ಮೂರು ಬೆರಳಿನಿಂದ ಆ ಹಿಟ್ಟನ್ನು ಬಳಿದು ಶಿಷ್ಯನ ಹಣೆಗೆ ಅಡ್ಡಲಾಗಿ ಎಳೆದರು.

"ಇರಬೇಕಾದ ಜಾಗ ಇದು," ಎಂದರು.

ಪಾಲಾಕ್ಷ ಒಂದು ಬ್ರಷ್ಷು ಹಿಡಿದು ಅರ್ಧ ದಿನ ಹಲ್ಲು ತಿಕ್ಕಿದ. ಊದುಬತ್ತಿಯನ್ನು ಅಡುಗೆಮನೆಗೆ ಕಳಿಸಿದ. ಗಿರಣಿ ಈಗ ಜೀರುಂಡೆಯಾಯಿತು. ಆದರೂ ದೊಡ್ಡಯ್ಯನವರ ದನಿಗಿಂತ ಜೀರುಂಡೆಯೇ ದೊಡ್ಡದಾಗಿತ್ತು.

ಅಷ್ಟರಲ್ಲಿ ಏಪ್ರಿಲ್ ಬಂತು. ಬೆಳಿಗ್ಗೆಯ ಗಂಟೆ ಕೇಳಿಸಲಿಲ್ಲವೆಂದು ಗುರುಗಳು ಎರಡು ದಿನ ಪ್ರಾರ್ಥನೆಗೆ ತಡವಾಗಿ ಬಂದರು.

ಪಾಲಾಕ್ಷ ಮತ್ತೆ ಹೋಗಿ ನಿಂತ.

"ಇನ್ನು ಎಂಥ ಫ್ಯಾನು ತರಲಿ, ಅಯ್ಯ?"

ಗುರುಗಳು ಅಂಗಳದ ಬಿಸಿಲಿಗೆ ಹೋಗಿ ಕೂತರು. ಒಂದು ಪೋಸ್ಟ್ ಕಾರ್ಡು ಕೊಟ್ಟು ಬೀಸು ಎಂದರು. ಪಾಲಾಕ್ಷ ಪಟಪಟನೆ ಬೀಸಿದ. ಸಾಲದು ಎಂದರು. ಇನ್ನೂ ಜೋರಾಗಿ ಬೀಸಿದ. ಏದುಸಿರು ಬಂತು. ಆಗ ಅಡುಗೆಮನೆಯಿಂದ ಮೊರ ತರಿಸಿದರು. ಮೊರವನ್ನು ಅವನು ಎರಡು ಕೈಯಲ್ಲೂ ಹಿಡಿದು ನಿಧಾನವಾಗಿ ಆಡಿಸಿದ. ಗುರುಗಳ ಗಡ್ಡ ಹಾರಾಡಿತು.

"ಯಾವಾಗ ನಿನ್ನ ಸದ್ದು ಕೇಳಿಸಿತು?"

"ಪೋಸ್ಟ್ ಕಾರ್ಡಿನಲ್ಲಿ."

"ಮೊರ ತಗೊಂಡು ಬಾ."

ಪೇಟೆಯಲ್ಲಿ ಪಾಲಾಕ್ಷ ಮೊರವನ್ನೇ ಕೇಳಿದನಂತೆ. ಅಂಗಡಿಯವನು ಅವನ ಹಣೆಯ ವಿಭೂತಿ ನೋಡಿ ಸುಮ್ಮನಾದನಂತೆ. ಕೊನೆಗೆ ಅವನು ತಂದದ್ದು ಗೇಣಗಲಕ್ಕೆ ಸ್ವಲ್ಪ ಕಡಿಮೆಯ ಮೂರು ಫ್ಯಾನು, ಮತ್ತು ಅಂಥದೊಂದು ಫ್ಯಾನು ಒರಗಿ ನಿಲ್ಲುವಷ್ಟು ಎತ್ತರದ, ತೆಳು ಹಲ್ಲುಗಳ ಲೋಹದ ಗೋಪುರ. ಹಳೆಯ ಹಲ್ಲು, ಫ್ಯಾನುಗಳನ್ನೆಲ್ಲ ತೆಗೆದು ಗೋಪುರವನ್ನು ಚಿಪ್ಪಿನ ಮೇಲೆ ಕೂರಿಸಿದ. ನಡುವೆ ಶಾಖ ದಾಟಿಸುವ ಪೇಸ್ಟನ್ನು ಅವರೆಕಾಳಿನಷ್ಟೂ ಅಲ್ಲ, ಸಾಸಿವೆಯಷ್ಟೂ ಅಲ್ಲ, ಕಡಲೆಕಾಳಿಗಿಂತ ಚಿಕ್ಕದಾಗಿ ಇಟ್ಟ. ತಗಡು ನಡುಗದಂತೆ ಫ್ಯಾನುಗಳ ಮೂಲೆಗೆ ರಬ್ಬರು ಸಿಕ್ಕಿಸಿದ. ಸ್ವಲ್ಪ ಬಿಸಿಯಾದ ಕೂಡಲೇ ಓಡಬಾರದು, ನಿಧಾನವಾಗಿ ಏರಬೇಕು ಎಂದು ಕಂಪ್ಯೂಟರಿನಲ್ಲೇ ಫ್ಯಾನುಗಳಿಗೆ ಕಟ್ಟಳೆ ಬರೆದ.

ಪೂಜೆ ಮಾಡದೆ ಸ್ವಿಚ್ಚು ಹಾಕಿದ.

ಏನೂ ಕೇಳಿಸಲಿಲ್ಲ. ಕೆಟ್ಟಿತೆಂದು ಅವನು ಹೆದರಿದ. ಪೆಟ್ಟಿಗೆಯ ಹಿಂದೆ ಕೈ ಹಿಡಿದರೆ ಬೆಚ್ಚಗಿನ ಗಾಳಿ ಮೆಲ್ಲಗೆ ಬರುತ್ತಿತ್ತು.

ಗುರುಗಳನ್ನು ಕರೆತಂದು ಕೂರಿಸಿ, ಕೊನೆಯ ಪಾಠದ ಕೊನೆ ಹಾಕಿದ. ಭರ್ರೆನ್ನುವ ಸದ್ದು ಹಾಗೇ ಇತ್ತು.

ಪಾಲಾಕ್ಷ ಪೆಟ್ಟಿಗೆಗೆ ಕಿವಿಯಿಟ್ಟ. ಆಚೆ ಕಿವಿಯನ್ನೂ ಇಟ್ಟ.

"ಅದು ನಿನ್ನ ಸದ್ದಲ್ಲ, ನನ್ನದು," ಎಂದರು ಗುರುಗಳು. "ಆ ದಿನ ಅವರು ಬೆವರ್ತಿದ್ರು. ಪಾಠದ ಕೊನೆಗೆ ನಾನೇ ಓಡಿಹೋಗಿ ಟೇಬಲ್ ಫ್ಯಾನು ತಂದು ಪಕ್ಕದಲ್ಲಿ ಹಚ್ಚಿದೆ."

ಸೋಸುವ ಕೆಲಸ ಶುರುವಾಯಿತು. ನೆತ್ತಿಯ ಮೇಲೆ ಸೀಲಿಂಗ್ ಫ್ಯಾನು ತನ್ನ ಪಾಡಿಗೆ ಟಕಟಕ ಎನ್ನುತ್ತಿತ್ತು. ಅದು ಯಾರಿಗೂ ಕೇಳಿಸದೇ ವರ್ಷಗಳಾಗಿದ್ದವು. ಗುರುಗಳು ಬಲಗಿವಿ ಕೊಟ್ಟು, ಇಷ್ಟು ತೆಗಿ, ಸಾಕು, ಅದು ಅವರ ಗಂಟಲು, ಬಿಡು ಎಂದು ಬೆರಳಿನಲ್ಲೇ ಹೇಳುತ್ತಾ ಹೋದರು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಇಬ್ಬರೂ ಏಳಲಿಲ್ಲ.

ಹಳೆಯ ಟೇಬಲ್ ಫ್ಯಾನು ಮೆಲ್ಲಗೆ ದೂರ ಸರಿಯಿತು. ದನಿ ಬಂತು.

"ಮುದ್ದಾ, ಆ ಫ್ಯಾನು ನಿಲ್ಲಿಸಪ್ಪ."

ಸ್ವಲ್ಪ ಹೊತ್ತು ಬರೀ ಸುಂಯ್ ಎಂದಿತು. ಮತ್ತೆ ಅದೇ ದನಿ.

"ಕೈ ಮುಗೀಬೇಡ್ವೋ. ಫ್ಯಾನು ನಿಲ್ಲಿಸು."

ಅಲ್ಲಿಗೆ ಕ್ಯಾಸೆಟ್ಟು ಮುಗಿದಿತ್ತು.

ಪಾಲಾಕ್ಷನಿಗೆ ನಗು ಬಂತು. ಗುರುಗಳ ಮುಖ ನೋಡಿ ತಡೆದುಕೊಂಡ. ಮುದ್ದಾ ಎಂದು ಅವರನ್ನು ಕರೆಯುವವರು ಈಗ ಯಾರೂ ಇರಲಿಲ್ಲ.

ಇನ್ನೊಂದು ಸಲ ಹಾಕು ಎಂದು ಬೆರಳು ಹೇಳಿತು. ಹಾಕಿದ. ಮತ್ತೊಂದು ಸಲ ಹಾಕಿದ.

"ಅಯ್ಯ, ಇದನ್ನ ಕಲ್ಲಿಗೆ ಕೆತ್ತಿಸೋದಾ?"

ಗುರುಗಳು ಗೋಡೆ ಹಿಡಿದು ಎದ್ದರು. ಬಾಗಿಲ ಪಕ್ಕಕ್ಕೆ ಹೋಗಿ ಸ್ವಿಚ್ಚು ಒತ್ತಿದರು. ಮೇಲೆ ರೆಕ್ಕೆಗಳು ಇನ್ನೂ ನಾಲ್ಕು ಸುತ್ತು ಸುತ್ತಿ ನಿಂತವು.

ಮರಳಿ ಬಂದು ಪೆಟ್ಟಿಗೆಯ ಮುಂದೆ ನಿಂತರು. ಕೈಗಳು ಎದೆಯವರೆಗೆ ಎದ್ದವು. ನೆನಪಾಗಿ ಇಳಿಸಿಕೊಂಡರು.

"ನಿಲ್ಲಿಸಿದೆ, ಅಯ್ಯ," ಎಂದರು.