ಔಷಧ ಸಿಗದ ಗೂಟಗಳು

ಮರದ ಸಂಶೋಧನಾ ಸಂಸ್ಥೆಯೊಂದರ ಹಿತ್ತಿಲಲ್ಲಿ ಸಾಲಾಗಿ ಗೂಟ ನೆಟ್ಟಿದ್ದರು. ಕೆಲವಕ್ಕೆ ಗೆದ್ದಲು ತಡೆಯುವ ಔಷಧ ಬಳಿದಿತ್ತು, ಕೆಲವು ಬರಿ ಮರ. ಯಾವುದು ಎಷ್ಟು ಬಾಳುತ್ತದೆಂದು ಸಂಶೋಧಕಿ ಹಸೀನಾ ವರ್ಷಗಳಿಂದ ಪರೀಕ್ಷಿಸುತ್ತಿದ್ದಳು. ಹಿತ್ತಿಲ ಕಾವಲು ದೇವೀರಮ್ಮನದು.

ಮಂತ್ರಿಗಳು ಬರುವ ಹಿಂದಿನ ದಿನ ನಿರ್ದೇಶಕ ಪದ್ಮರಾಜಯ್ಯನವರು ಬಂದು ಮುಖ ಸಿಂಡರಿಸಿದರು.

"ಗೆದ್ದಲು ಹಿಡಿದ ಗೂಟಗಳನ್ನೆಲ್ಲ ಕಿತ್ತು ಸುಡು, ದೇವೀರಮ್ಮ. ನಾಳೆ ಒಂದು ಕಂಡರೂ ನಿನಗೆ ಕೆಲಸ ಇಲ್ಲ!"

"ಹೋಲಿಸಿ ನೋಡೋಕೆ ಅವು ಬೇಕೇ ಬೇಕು ಸಾರ್" ಎಂದು ಹಸೀನಾ ಅಂಗಲಾಚಿದಳು. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ದೇವೀರಮ್ಮ ಒಂದು ಗೂಟವನ್ನೂ ಕೀಳಲಿಲ್ಲ. ಒಂದು ಹಲಗೆ ತಂದಳು, ಹಸೀನಾಳ ಕೈಲಿ ಬರೆಸಿದಳು, ಗೂಟಗಳ ಮುಂದೆ ನೆಟ್ಟಳು.

ಮರುದಿನ ಗೂಟ ಕಂಡು ನಿರ್ದೇಶಕರ ಮುಖ ಕೆಂಪೇರಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳು ಹಲಗೆ ಓದಿದರು: "ಪದ್ಮರಾಜಯ್ಯನವರ ಔಷಧ ಸಿಗದ ಮರಗಳ ಗತಿ."

ಮಂತ್ರಿಗಳು ಪಕ್ಕದ ಗಟ್ಟಿ ಗೂಟವನ್ನು ತಟ್ಟಿ ನೋಡಿದರು. "ಭಲೇ! ಈ ಕೆಲಸ ನಿಲ್ಲಿಸಬೇಡಿ."

ನಿರ್ದೇಶಕರ ಎದೆ ಉಬ್ಬಿತು. "ದೇವೀರಮ್ಮ, ಈ ಹಾಳಾದ ಗೂಟಗಳನ್ನ ಯಾರೂ ಮುಟ್ಟಕೂಡದು!"

"ಗೆದ್ದಲು ಮುಟ್ಟಬಹುದಾ ಸಾರ್?"

ಹಸೀನಾ ನಗು ತಡೆಯಲಾರದೆ ಆಚೆ ತಿರುಗಿದಳು. ನಿರ್ದೇಶಕರು ಮಾತ್ರ ಗಂಭೀರವಾಗಿ ಯೋಚಿಸಿ ಹೇಳಿದರು: "ಮುಟ್ಟಲಿ ಬಿಡು. ಅದೂ ನಮ್ಮ ಸಂಸ್ಥೆಯ ಕೆಲಸವನ್ನೇ ಮಾಡ್ತಿದೆ."