ಹೆಬ್ಬಾತಿನ ಆಟ

ಚಳಿಗಾಲ ಕಳೆದೊಡನೆ ಹೆಬ್ಬಾತುಗಳ ಹಿಂಡು ಹಿಮದ ನಾಡಿಗೆ ಹಾರಿಹೋಯಿತು. ರೆಕ್ಕೆ ಮುರಿದ ಒಂದು ಹೆಣ್ಣು ಹೆಬ್ಬಾತು ಮಾತ್ರ ಬಯಲುಸೀಮೆಯ ಕೆರೆಯಲ್ಲಿ ಉಳಿಯಿತು. ಕೆರೆಯವರ ಮಾತು ಅದಕ್ಕೆ ಅಷ್ಟಿಷ್ಟು ಬರುತ್ತಿತ್ತೇ ಹೊರತು, ಮನಸ್ಸಿನಲ್ಲಿದ್ದುದನ್ನು ಹೇಳುವಷ್ಟು ಬರುತ್ತಿರಲಿಲ್ಲ. ಜೊಂಡಿನ ಮರೆಯಲ್ಲಿ ಒಂಟಿಯಾಗಿ ದಿನ ದೂಡುತ್ತಿತ್ತು.

ಆ ಕೆರೆಯ ದಂಡೆಯ ಬಂಡೆಯ ಮೇಲೆ ಮುದಿ ಆಮೆಯೊಂದು ಪುಟ್ಟ ನಾಟಕ ಮಂಡಳಿ ನಡೆಸುತ್ತಿತ್ತು. ಒಂದು ದಿನ ಅದು ಬಂದು, "ತಾಯೀ, ನಾಳೆ ಸಂಜೆ ನೀನೂ ಆಡಬೇಕು" ಎಂದಿತು.

"ನಿಮ್ಮ ಮಾತು ನನಗೆ ನೆಟ್ಟಗೆ ಬಾರದು."

"ನಿನ್ನ ಮಾತಿನಲ್ಲೇ ಆಡು."

ಮಂಡಳಿಯ ನಾಯಕನಟ ನವಿಲು ಸಿಡಿಮಿಡಿಗೊಂಡಿತು. "ಅರ್ಥವಾಗದ ಆಟಕ್ಕೆ ಯಾರು ಬರುತ್ತಾರೆ?"

"ಬಂದಷ್ಟು ಮಂದಿಯ ಮುಂದೆ ಆಡೋಣ. ಈ ಕೆರೆಯ ನೀರು ಕುಡಿಯುವವರಿಗೆಲ್ಲ ಈ ಬಂಡೆಯ ಮೇಲೆ ಜಾಗವಿದೆ" ಎಂದಿತು ಆಮೆ.

ಮರುದಿನ ಸಂಜೆ ಬಂದವರು ಎರಡು ಕಪ್ಪೆ, ಒಂದು ಮುದಿ ಕೊಕ್ಕರೆ, ಅಷ್ಟೆ. ಹೆಬ್ಬಾತು ಬಂಡೆಯೇರಿ, ಉತ್ತರಕ್ಕೆ ಮುಖ ಮಾಡಿ, ಹಾರುವಾಗ ಹಿಂಡಿನವರನ್ನು ಕರೆಯುವ ಕೂಗನ್ನು ಕೂಗಿತು. ಮರುಕೂಗಿಗಾಗಿ ಕತ್ತು ಚಾಚಿ ಕಾಯಿತು. ಮತ್ತೆ ಕೂಗಿತು. ಆಕಾಶ ಸುಮ್ಮನಿತ್ತು. ಕಪ್ಪೆಗಳು ವಟಗುಟ್ಟುವುದನ್ನೇ ಮರೆತವು.

ಆಟ ಮುಗಿದ ಮೇಲೆ ಕೊಕ್ಕರೆ ಮೆಲ್ಲಗೆ ಹತ್ತಿರ ಬಂದಿತು. "ಒಂದು ಮಾತೂ ತಿಳಿಯಲಿಲ್ಲ, ತಂಗೀ. ಯಾರನ್ನು ಕರೆದೆ?"

"ನನ್ನವರನ್ನು, ಅಕ್ಕಾ."

ಕೊಕ್ಕರೆ ಆಮೆಯ ಕಡೆ ತಿರುಗಿ ಕೇಳಿತು: "ಅಯ್ಯಾ, ನನಗೂ ಕರೆಯಬೇಕಾದವರಿದ್ದಾರೆ. ನಾಳೆ ನಾನೂ ಇಲ್ಲಿ ನಿಲ್ಲಬಹುದೇ?"

"ನಾಳೆಯವರೆಗೆ ಯಾಕೆ? ಈಗಲೇ ಬಾ" ಎಂದು ಆಮೆ ಪಕ್ಕಕ್ಕೆ ಸರಿಯಿತು.

ಹೆಬ್ಬಾತು ಬಂಡೆಯಿಂದಿಳಿದು, ಅಕ್ಕನ ಆಟ ನೋಡಲು ಕಪ್ಪೆಗಳ ಪಕ್ಕದಲ್ಲಿ ಕುಳಿತಿತು.