ಬಚ್ಚ ಹಿಡಿದ ಹಗ್ಗ

ಕೇಳಿ, ಹೇಳ್ತೇನೆ. ನಗು ಬಂದರೆ ನಗಿ. ಆದರೆ ನಕ್ಕು ಮುಗಿಯಿತು ಅಂತ ನಡುವೆ ಎದ್ದು ಹೋಗಬೇಡಿ.

ಗಂಗೊಳ್ಳಿಯಿಂದ ಆಚೆ ಒಂದು ಮೊಗವೀರರ ಕೇರಿ. ಅಲ್ಲಿ ಅಕ್ಕಣಿ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಇದ್ದೊಬ್ಬ ಮಗನ ಹೆಸರು ಬಚ್ಚ. ಆಳು ನೋಡಿದರೆ ಕಂಬದ ಹಾಗೆ. ದೇವರು ಬುದ್ಧಿ ಹಂಚುವಾಗ ಮಾತ್ರ ಅವ ಎಲ್ಲೋ ನಿದ್ದೆ ಹೊಡೆಯುತ್ತಿದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ, ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಅಕ್ಕಣಿಯ ತಮ್ಮ ಗೋಯಿಂದನಿಂದ. ಉಸಿರು ಕಟ್ಟಿ ಮುಳುಗಿ, ಬಂಡೆಗೆ ಕಚ್ಚಿದ ಚಿಪ್ಪು ಕಿತ್ತು ತರುವುದರಲ್ಲಿ ಅವನಿಗೆ ಸಾಟಿ ಇರಲಿಲ್ಲ. ಅವ ಇದ್ದರೆ ಊಟ, ಇಲ್ಲದಿದ್ದರೆ ತಾಯಿ ಮಗ ಇಬ್ಬರೂ ಬೀದಿಪಾಲು.

ಒಂದು ದಿನ ಅಕ್ಕಣಿ ಅಂಗಳದಲ್ಲಿ ಮೀನು ಒಣಗಲಿಕ್ಕೆ ಹಾಕಿ ಹೇಳಿದಳು, "ಮಗಾ, ಕಾಕಿ ಬಂದ್ರೆ ಓಡ್ಸ್."

ಬಚ್ಚ ಕೋಲು ಹಿಡಿದು ಕಾಗೆ ಕಾಯುತ್ತಾ ಕೂತ. ಬೆಕ್ಕು ಬಂತು, ತಿಂತು, ಮೀಸೆ ಒರೆಸಿಕೊಂಡು ಹೋಯಿತು. ಬಚ್ಚ ನೋಡುತ್ತಾ ಕೂತ.

"ನಿನ್ನ ತಲಿಯಂಗೆ ಎಂತ ಇತ್ತ್ ಮಾರಾಯ?" ಅಂದಳು ತಾಯಿ.

"ಕಾಕಿ ಅಂದದ್ದ್ ನೀನೇ ಅಲ್ದಾ ಅಬ್ಬಿ. ಬಂದದ್ದ್ ಬೆಕ್ಕ್."

"ಯಾರ್ ಬಂದ್ರೂ ಓಡ್ಸುದ್ ಕಾಣ್, ಯಾರ್ ಬಂದ್ರೂ!"

ಮರುದಿನ ಘಟ್ಟದ ಮೇಲಿನ ವ್ಯಾಪಾರಿ ಒಣಮೀನು ಕೊಳ್ಳಲಿಕ್ಕೆ ಬಂದ. ಬಚ್ಚ ಅವನನ್ನು ರಸ್ತೆಯ ತನಕ ಕೋಲಿನಲ್ಲಿ ಓಡಿಸಿಕೊಂಡು ಹೋದ. ವ್ಯಾಪಾರಿಯ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು. ಅಕ್ಕಣಿ ಹಣೆ ಚಚ್ಚಿಕೊಂಡಳು.

ಆಗ ಗೋಯಿಂದ ಹೇಳಿದ, "ಅಕ್ಕ, ನಂಗೆ ಆ ಕಲ್ಲಿನ ಹಡಗಂಗೆ ಕೆಲ್ಸ ಸಿಕ್ಕಿತ್. ಇವನ್ನೂ ಕರ್ಕೊಂಡ್ ಹೋತೆ. ಹೇಳ್ದಂಗೆ ಕೇಂಬೋರ್ ಬೇಕಂಬ್ರ್ ಅಲ್ಲಿ."

ಕಲ್ಲಿನ ಹಡಗು ಅಂದರೆ ಏನು ಅಂತೀರಾ? ನಡುಗಡಲಿನ ತಳದಲ್ಲಿ, ಬೆಳಕೇ ಹೋಗದ ಜಾಗದಲ್ಲಿ, ಬಟಾಟೆಯಂಥ ಕರಿಗಲ್ಲುಗಳು ಹರಡಿಕೊಂಡಿವೆಯಂತೆ. ಒಡೆದರೆ ಒಳಗೆ ತಾಮ್ರ, ನಿಕ್ಕಲ್ಲು. ಅದನ್ನು ಹೆಕ್ಕಲಿಕ್ಕೆ ಒಂದು ಯಂತ್ರ. ಕೆಳಗೆ ಇಳಿಸಿದರೆ ಯುದ್ಧದ ಟ್ಯಾಂಕಿನ ಹಾಗೆ ಪಟ್ಟಿಗಾಲಿನಲ್ಲಿ ತೆವಳುತ್ತದೆ, ಕಲ್ಲು ಹೆಕ್ಕುತ್ತದೆ, ಪುಡಿ ಮಾಡಿ ಪೈಪಿನಲ್ಲಿ ಮೇಲಕ್ಕೆ ಉಗುಳುತ್ತದೆ. ದೂರ ಕೊಂಡೊಯ್ಯುವ ಮೊದಲು ದಡದ ಹತ್ತಿರ, ನಾಲ್ಕೈದು ಆಳು ನೀರಿನಲ್ಲಿ, ಅದರ ಪರೀಕ್ಷೆ. ನಮ್ಮಲ್ಲಿ ಆ ಕಲ್ಲು ಎಲ್ಲಿದೆ? ಹಾಗಾಗಿ ಮೂಟೆಗಟ್ಟಲೆ ಕಲ್ಲು ತಂದು ಕಡಲಿಗೆ ಸುರಿದರು. ಸುರಿದದ್ದನ್ನು ಮತ್ತೆ ಯಂತ್ರದಲ್ಲಿ ಹೆಕ್ಕಿದರು. ಇದನ್ನೆಲ್ಲ ಮಾಡಿದವರು ಓದಿದವರು, ಪೆದ್ದ ಅಂತ ಹೆಸರು ಬಂದದ್ದು ಬಚ್ಚನಿಗೆ.

ಬಚ್ಚನನ್ನು ಪೈಪಿನ ಬಾಯಿಯ ಹತ್ತಿರ ಕೂರಿಸಿ ಇಂಜಿನಿಯರು ಹೇಳಿದರು, "ಕಲ್ಲು ನಿಂತು ಬರೀ ನೀರು ಬಂದರೆ ಕೂಗು."

ನೀರು ಬರಲಿಲ್ಲ. ಕೆಸರು ಬಂತು. ಬಚ್ಚ ಸುಮ್ಮನೆ ಕೂತ. ಕೆಸರು ಮೊಣಕಾಲಿಗೆ ಬಂತು. ಆಗಲೂ ಸುಮ್ಮನೆ ಕೂತ.

"ಅಯ್ಯೋ ಗೂಬೆ, ಏನು ಬಂದರೂ ಕೂಗಬೇಕಯ್ಯಾ!"

ಸರಿ. ಕಡಲಹಕ್ಕಿ ಬಂತು, ಬಚ್ಚ ಕೂಗಿದ. ಯಂತ್ರ ನಿಲ್ಲಿಸಿದರು. ಅಡುಗೆಯವ ಚಾ ತಂದ, ಬಚ್ಚ ಕೂಗಿದ. ಯಂತ್ರ ನಿಲ್ಲಿಸಿದರು. ಇಂಜಿನಿಯರೇ ಬೈಯಲಿಕ್ಕೆ ಬಂದರು, ಅವರನ್ನು ನೋಡಿಯೂ ಕೂಗಿದ.

ಇಂಜಿನಿಯರು ಕೆಂಪಾಗಿ ಹೇಳಿದರು, "ಇನ್ನು ನೀನು ಬಾಯಿ ತೆರೆಯಕೂಡದು. ನಾನು ಕೇಳಿದ್ದಕ್ಕೆ ಉತ್ತರ, ಅಷ್ಟೇ. ಗೊತ್ತಾಯ್ತಾ?"

"ಗೊತ್ತಾಯ್ತ್," ಅಂದ ಬಚ್ಚ. ಬಾಯಿ ಮುಚ್ಚಿದ.

ಇಲ್ಲಿಗೆ ನಗು ಸಾಕು.

ಒಂದು ಬೆಳಿಗ್ಗೆ ಯಂತ್ರ ಕೆಳಗೆ ನಿಂತುಬಿಟ್ಟಿತು. ಯಾರದೋ ಹರಿದ ಬಲೆ ಪಟ್ಟಿಗಾಲಿಗೆ ಸುತ್ತಿಕೊಂಡಿತ್ತು. ಎತ್ತಿದರೆ ಮೇಲೆ ಬರುವುದಿಲ್ಲ, ಓಡಿಸಿದರೆ ಮುಂದೆ ಹೋಗುವುದಿಲ್ಲ. ಬಂದರಿನಿಂದ ಮುಳುಗುವವರನ್ನು ಕರೆಸೋಣ ಅಂದರು ಇಂಜಿನಿಯರು.

"ಅಷ್ಟಕ್ಕೆ ಅವ್ರ್ ಎಂತಕ್ಕೆ? ಒಂದ್ ಉಸಿರಿನ ಕೆಲ್ಸ," ಅಂದ ಗೋಯಿಂದ. ಕತ್ತಿ ಸೊಂಟಕ್ಕೆ ಸಿಕ್ಕಿಸಿದ, ಹಗ್ಗ ಕಟ್ಟಿಕೊಂಡ.

ಆ ಕೇರಿಯಲ್ಲಿ ಒಂದು ಕಟ್ಟು ಇತ್ತು. ಅಳಿಯಕಟ್ಟಿನ ಜನ ಅವರು, ಮಾವನ ಆಸ್ತಿ ಅಕ್ಕನ ಮಗನಿಗೆ. ಹಾಗೆಯೇ ಮುಳುಗುವವನ ಹಗ್ಗವೂ ಅಕ್ಕನ ಮಗನ ಕೈಗೆ. ಅಳಿಯ ಎದುರಿಗಿರುವಾಗ ಬೇರೆಯವರು ಹಗ್ಗ ಮುಟ್ಟಿದರೆ ಕುಟುಂಬಕ್ಕೆ ಕೇಡು.

ಇಂಜಿನಿಯರು ಹೆದರಿದರು. "ಗೋವಿಂದ, ಅವನ ಕೈಗಾ? ಬೇರೆಯವರು ಹಿಡೀಲಿ."

"ಬೇರೆಯವ್ರ್ ಹಿಡುಕಾಗ," ಅಂದ ಗೋಯಿಂದ. ಬಚ್ಚನ ಭುಜ ಹಿಡಿದ. "ಕೇಣ್ ಮಗಾ. ಒಂದ್ ಸಲ ಜಗ್ಗಿದ್ರೆ ಹಗ್ಗ ಸಡ್ಲ ಬಿಡ್. ಎರಡ್ ಸಲ ಜಗ್ಗಿದ್ರೆ ಎಳಿ. ಬೇರೆ ಎಂತದೂ ಮಾಡ್ಬೇಡ."

ಬಚ್ಚ ಬಾಯಿ ತೆರೆಯದೆ ತಲೆಯಾಡಿಸಿದ.

ಗೋಯಿಂದ ಮುಳುಗಿದ. ಹಗ್ಗ ಒಂದು ಸಲ ಜಗ್ಗಿತು, ಬಚ್ಚ ಸಡಿಲ ಬಿಟ್ಟ. ಇಂಜಿನಿಯರು ಕೋಣೆಯೊಳಗೆ ಉಳಿದವರ ಜೊತೆ ಯಂತ್ರದ ಕ್ಯಾಮೆರಾದ ಪರದೆ ನೋಡುತ್ತಿದ್ದರು, ಪರದೆಯ ತುಂಬ ಕೆಸರು. ಕೆಳಗೆ ಬಲೆ ಮನುಷ್ಯನನ್ನೂ ಸುತ್ತಿಕೊಂಡಿತ್ತು. ಹಗ್ಗ ಜಗ್ಗಿತು, ಮತ್ತೆ ಜಗ್ಗಿತು, ಜಗ್ಗುತ್ತಲೇ ಹೋಯಿತು.

ಇದು ಒಂದಲ್ಲ, ಎರಡಲ್ಲ. ಮಾವ ಇದನ್ನು ಹೇಳಿರಲಿಲ್ಲ. ಬಚ್ಚ ಹಲ್ಲು ಕಚ್ಚಿ ಹಿಡಿದ. ಅಂಗೈ ಸುಲಿದು ರಕ್ತ ಬಂತು, ಆದರೂ ಎಳೆಯಲಿಲ್ಲ, ಬಿಡಲಿಲ್ಲ. ಕೂಗುವ ಹಾಗೂ ಇಲ್ಲ, ಯಾರೂ ಕೇಳಿರಲಿಲ್ಲ.

ಕೊನೆಗೆ ಒಳಗಿನಿಂದ ಇಂಜಿನಿಯರು ಕೇಳಿದರು, "ಬಚ್ಚಾ, ಹಗ್ಗ ಸರಿ ಇದೆಯಾ?"

ಬಚ್ಚ ಹಗ್ಗ ನೋಡಿದ. ಹೊಸ ಹಗ್ಗ, ಎಲ್ಲೂ ಹರಿದಿರಲಿಲ್ಲ.

"ಸರಿ ಇತ್ತ್," ಅಂದ.

ಆಮೇಲೆ ಹಗ್ಗ ಜಗ್ಗುವುದು ನಿಂತಿತು.

ಹೆಣವನ್ನು ದಡಕ್ಕೆ ತಂದು ಮರಳಿನ ಮೇಲೆ ಮಲಗಿಸಿದರು. ಕೇರಿಯೇ ಸೇರಿತು. ಬಚ್ಚ ಪಕ್ಕದಲ್ಲಿ ನಿಂತಿದ್ದ, ಅಂಗೈ ನೆಕ್ಕುತ್ತಾ. ಯಾರೂ ಅವನನ್ನು ಬೈಯಲಿಲ್ಲ. ಬೈಗುಳ ಇಲ್ಲದ್ದು ಅವನಿಗೆ ಅದೇ ಮೊದಲು. ಬೈದ ಮೇಲೆ ತಾನೇ ಮುಂದೆ ಏನು ಮಾಡಬೇಕು ಅಂತ ಹೇಳುವುದು? ಅವ ಕಾಯುತ್ತಾ ನಿಂತ.

ಅಕ್ಕಣಿ ಓಡಿ ಬಂದಳು. ತಮ್ಮನ ಮೇಲೆ ಬಿದ್ದಳು, ಎದೆ ಬಡಿದುಕೊಂಡಳು. ಪಾಪ, ಅವಳಿಗೆ ಇನ್ನು ಯಾರಿದ್ದರು? ಅತ್ತು ಅತ್ತು ತಲೆಯೆತ್ತಿದಾಗ ಕಂಡದ್ದು ಮಗನ ಮುಖ.

"ನಾ ಇನ್ನ್ ಎಂತಕ್ಕೆ ಬದ್ಕುದ್? ನನ್ನನ್ನೂ ತಕಂಡ್ ಹೋಯಿ ಆ ಕಡಲಿಗೆ ಹಾಕ್ ಮಗಾ!"

ಬಚ್ಚನ ಮುಖ ಬೆಳಗಿತು. ಅಬ್ಬಿ ಕೆಲಸ ಹೇಳಿದಳು. ಬಗ್ಗಿ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡ, ಕಡಲಿಗೆ ಇಳಿದ. ದುಃಖಕ್ಕೆ ಅಪ್ಪಿಕೊಂಡ ಅಂತಲೇ ಜನ ಮೊದಲು ತಿಳಿದರು. ನೀರು ಅವನ ಎದೆ ದಾಟಿದಾಗ ಕೂಗುತ್ತಾ ಓಡಿ ಬಂದರು. ದೂರ ಇತ್ತು, ತೆರೆ ಜೋರಿತ್ತು. ಅಕ್ಕಣಿಗೆ ಈಗ ಸಾಯುವ ಮನಸ್ಸಿರಲಿಲ್ಲ. ಮಗನ ಬೆನ್ನಿಗೆ ಗುದ್ದಿದಳು, ತಲೆಗೂದಲು ಹಿಡಿದು ಎಳೆದಳು.

"ಬಿಡ್ ಮಗಾ, ನನ್ನನ್ ಬಿಡಾ!" ಅಂದಳು.

ತಾಯಿ ಹೇಳಿದ ಮೇಲೆ ಮುಗಿಯಿತಲ್ಲ. ಅಲ್ಲೇ, ಆಳುದ್ದದ ನೀರಿನಲ್ಲಿ, ಬಚ್ಚ ಕೈ ಬಿಟ್ಟ.